ಕಾಂಟೆಸ್ಸಾದ ಬಿರುಕು ಬಿಟ್ಟ ಪ್ಲಾಸ್ಟಿಕ್: ನಾಲ್ಕು ಬಗೆಯ ಜೋಡಣೆ, ಮೂರು ಬಗೆಯ ಬಣ್ಣ

ಹಿಂದುಸ್ತಾನ್ ಮೋಟರ್ಸ್ 1984ರಲ್ಲಿ ಮಾರುಕಟ್ಟೆಗೆ ತಂದ ಕಾಂಟೆಸ್ಸಾ ಕಾರಿನ ಮೈಕಟ್ಟು ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್‌ನಿಂದ ಬಂದದ್ದು. ಅದರ 1.8 ಲೀಟರಿನ ಇಸುಜು ಎಂಜಿನ್ನಿನ ಭಾಗಗಳನ್ನು ಪಟ್ಟು ಹಿಡಿದು ಹುಡುಕಿದರೆ ಇಂದಿಗೂ ಪಡೆಯಬಹುದು. ತುಕ್ಕು ತಿಂದ ತಗಡನ್ನು ಸರಿಪಡಿಸಲು ಅನುಭವವುಳ್ಳ ಟಿಂಕರಿಂಗ್ ಕೆಲಸಗಾರರೂ ಇದ್ದಾರೆ. ಆದರೆ ಸ್ಟೀರಿಂಗ್ ಕಾಲಂ ಕವರ್, ಡ್ಯಾಶ್‌ಬೋರ್ಡಿನ ಗಾಳಿಕಿಂಡಿಗಳ ಚೌಕಟ್ಟು, ಮುಂದಿನ ಗ್ರಿಲ್ ಮುಂತಾದ ಪ್ಲಾಸ್ಟಿಕ್ ಭಾಗಗಳು ಒಡೆದರೆ ಮಾಲೀಕರು ನಿಜಕ್ಕೂ ಕಷ್ಟಕ್ಕೆ ಸಿಲುಕುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಥವಾ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅದೃಷ್ಟವಶಾತ್ ಒಂದು ಕವರ್ ಕೈಗೆ ಬಂದರೂ ಅದು ನಮ್ಮದರಷ್ಟೇ ಹಳೆಯದಾಗಿರುತ್ತದೆ ಮತ್ತು ಬಹುಮಟ್ಟಿಗೆ ಅದೇ ಜಾಗದಲ್ಲಿ ಬಿರುಕು ಬಿಟ್ಟಿರುತ್ತದೆ. ಆದ್ದರಿಂದ ಇರುವುದನ್ನೇ ಉಳಿಸಿಕೊಳ್ಳುವ ಉದ್ದೇಶದಿಂದ ನನ್ನ ಕಾರಿನ ಭಾಗಗಳ ಮೇಲೆ ನಾಲ್ಕು ಬಗೆಯ ಜೋಡಣೆಯನ್ನೂ ಮೂರು ಬಗೆಯ ಬಣ್ಣವನ್ನೂ ಪ್ರಯೋಗಿಸಿ, ಬೇಸಿಗೆಯ ಬಿಸಿಲಿನಲ್ಲಿಯೂ ಮಳೆಗಾಲದಲ್ಲಿಯೂ ಅವು ಹೇಗೆ ನಿಂತವೆಂದು ಗಮನಿಸಿದ್ದೇನೆ.

ಹೋಲಿಕೆಗೆ ಇಳಿಯುವ ಮೊದಲು ಕೈಯಲ್ಲಿರುವ ಪ್ಲಾಸ್ಟಿಕ್ ಯಾವುದೆಂದು ತಿಳಿಯಲೇಬೇಕು. ಹಳೆಯ ಭಾಗಗಳ ಹಿಂಬದಿಯಲ್ಲಿ ಅದರ ಹೆಸರು ಅಚ್ಚಾಗಿರುವುದು ಅಪರೂಪ. ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಬಗೆಯ ಪ್ಲಾಸ್ಟಿಕ್ಕುಗಳೆಂದರೆ ಪಾಲಿಪ್ರೊಪಿಲೀನ್ ಮತ್ತು ಎಬಿಎಸ್. ಒಂದು ಚೂರನ್ನು ನೀರಿಗೆ ಹಾಕಿದರೆ ಪಾಲಿಪ್ರೊಪಿಲೀನ್ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಮೊದಲಿನದರ ಸಾಂದ್ರತೆ 0.9ರಷ್ಟಿದ್ದು ಎರಡನೆಯದರದು 1.04ರ ಆಸುಪಾಸಿನಲ್ಲಿರುತ್ತದೆ. ಕಾಣದ ಮೂಲೆಯೊಂದರಲ್ಲಿ ಅಸಿಟೋನ್ ಎಂಬ ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಾಗ ಮೇಲ್ಮೈ ಅಂಟಂಟಾದರೆ ಅದು ಎಬಿಎಸ್ ಆಗಿರುವ ಸಂಭವ ಹೆಚ್ಚು. ಪಾಲಿಪ್ರೊಪಿಲೀನ್ ಮೇಲೆ ಅಸಿಟೋನ್ ಯಾವ ಗುರುತನ್ನೂ ಮಾಡುವುದಿಲ್ಲ. ನನ್ನ ಕಾರಿನಲ್ಲಿ ಕಾಲಂ ಕವರ್, ಗಾಳಿಕಿಂಡಿಯ ಚೌಕಟ್ಟು ಮತ್ತು ಗ್ರಿಲ್ ಮೂರೂ ಎಬಿಎಸ್‌ನಂತೆ ವರ್ತಿಸಿದವು. ಹಿಂದೆ ಯಾರೋ ಬೇರೆ ಕಾರಿನಿಂದ ತಂದು ಕೂರಿಸಿದ್ದ ಕನ್ಸೋಲ್ ಪೆಟ್ಟಿಗೆ ಮಾತ್ರ ನೀರಿನಲ್ಲಿ ತೇಲಿತು.

ಮೊದಲನೆಯ ವಿಧಾನ ಎಲ್ಲರಿಗೂ ಪರಿಚಿತವಾದ, ಕ್ಷಣದಲ್ಲಿ ಹಿಡಿಯುವ ಸಯನೋಆಕ್ರಿಲೇಟ್ ಅಂಟು ಮತ್ತು ಅಡುಗೆ ಸೋಡಾ. ಬಿರುಕಿಗೆ ಅಂಟು ಹರಿಸಿ ಮೇಲೆ ಸೋಡಾ ಉದುರಿಸಿದ ತಕ್ಷಣ ಬಿಸಿಯೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮುರಿದ ಅಂಚುಗಳು ಒಂದಕ್ಕೊಂದು ಸರಿಯಾಗಿ ಕೂರುವಂತಿದ್ದರೆ ಜೋಡಣೆಯ ಗೆರೆ ಕಾಣದಷ್ಟು ನಯವಾಗಿ ಬರುವುದು ಈ ವಿಧಾನದಲ್ಲಿ ಮಾತ್ರ. ಆದರೆ ಆ ಗಡಸುತನವೇ ಅದರ ದೋಷ: ಸುತ್ತಲಿನ ಪ್ಲಾಸ್ಟಿಕ್ ಬಾಗಿದಾಗ ಅದು ಬಾಗದೆ ಬಿಟ್ಟುಕೊಳ್ಳುತ್ತದೆ. ಅಂಟಿನ ಆವಿ ಅಕ್ಕಪಕ್ಕದಲ್ಲಿ ಬಿಳಿಯ ಮಬ್ಬಾಗಿ ಕೂರುವುದರಿಂದ ಬಣ್ಣ ಹಚ್ಚುವ ಮುನ್ನ ಮತ್ತೆ ಉಜ್ಜಬೇಕಾಗುತ್ತದೆ. ಭಾರ ಬೀಳದ ಅಲಂಕಾರದ ಪಟ್ಟಿಗಳಿಗೆ ಇದು ಸಾಕು. ಬೇರೆ ವಿಧಾನಗಳಲ್ಲಿ ತುಂಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡಲು ಇದರ ಒಂದೆರಡು ಹನಿಗಳು ಬಹಳ ಉಪಯುಕ್ತ.

ಎರಡು ಟ್ಯೂಬುಗಳ ಎಪಾಕ್ಸಿ ಎರಡನೆಯದು. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆಯನ್ನು ಬಿಟ್ಟು, ಒಂದು ದಿನ ತೆಗೆದುಕೊಳ್ಳುವ ನಿಧಾನದ ಬಗೆಯನ್ನು ಆರಿಸಿಕೊಂಡು, ಹಿಂಬದಿಯಲ್ಲಿ ಗಾಜಿನ ನಾರಿನ ಬಟ್ಟೆಯ ತುಂಡನ್ನು ಅದರಲ್ಲಿ ನೆನೆಸಿ ಅಂಟಿಸಿದರೆ ಅಗಲವಾದ ಭಾಗಗಳಿಗೆ ಒಳ್ಳೆಯ ಬಲ ಬರುತ್ತದೆ. ಗ್ರಿಲ್‌ನ ಹಿಂಬದಿಗೆ ಹೀಗೆ ಮಾಡಿದ ಕೆಲಸ ಚೆನ್ನಾಗಿ ನಿಂತಿದೆ. ಒಳಾಂಗಣದಲ್ಲಿ ಮಾತ್ರ ಎಚ್ಚರ ಬೇಕು. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು, ಮನೆಬಳಕೆಯ ಬಹುತೇಕ ಎಪಾಕ್ಸಿಗಳು ಅಷ್ಟು ಬಿಸಿಗೆ ಮೆತ್ತಗಾಗುತ್ತವೆ. ಗಾಳಿಕಿಂಡಿಯ ಚೌಕಟ್ಟಿನಲ್ಲಿ ಇದೇ ಆಯಿತು: ಜೋಡಣೆ ಕಳಚಿಕೊಳ್ಳಲಿಲ್ಲವಾದರೂ ಅಂಚುಗಳು ಕೂದಲೆಳೆಯಷ್ಟು ಸರಿದು ಬಣ್ಣದ ಮೇಲೆ ಗೆರೆ ಎದ್ದಿತು.

ಮೂರನೆಯದನ್ನು ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುತ್ತೇನೆ. ಅದು ಅಸಿಟೋನಿನಲ್ಲಿ ಎಬಿಎಸ್ ಚೂರುಗಳನ್ನು ಕರಗಿಸಿ ಮಾಡಿದ ಗೊಜ್ಜು. ಗುಜರಿಯಿಂದ ತಂದ, ಉಪಯೋಗಕ್ಕೆ ಬಾರದ ಕವರೊಂದನ್ನು ಚಿಕ್ಕದಾಗಿ ಕತ್ತರಿಸಿ, ಗಾಜಿನ ಬಾಟಲಿಯಲ್ಲಿ ಅಸಿಟೋನ್ ಸುರಿದು ಮುಚ್ಚಳ ಬಿಗಿದು ಒಂದು ರಾತ್ರಿ ಬಿಟ್ಟರೆ ಚೂರುಗಳು ಕರಗಿ ಜೇನುತುಪ್ಪದ ಹದಕ್ಕೆ ಬರುತ್ತವೆ. ಉಗುರುಬಣ್ಣ ಅಳಿಸುವ ದ್ರಾವಣದಲ್ಲಿ ನೀರು, ಎಣ್ಣೆ, ಸುಗಂಧಗಳು ಬೆರೆತಿರುವುದರಿಂದ ಅದು ಬೇಡ. ಶುದ್ಧ ಅಸಿಟೋನೇ ಆಗಬೇಕು. ಅದರ ಆವಿ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಒಲೆ, ದೀಪ, ಬೀಡಿ ಹತ್ತಿರ ಸುಳಿಯದ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಬೇಕು. ಈ ಗೊಜ್ಜು ಅಂಟಿನಂತೆ ಮೇಲೆ ಕೂರುವುದಿಲ್ಲ, ಎರಡು ಅಂಚುಗಳನ್ನು ತುಸು ಕರಗಿಸಿ ಒಂದಾಗಿಸುತ್ತದೆ. ಆರಿದ ಮೇಲೆ ಅಲ್ಲಿ ಉಳಿಯುವುದು ಮೂಲದ್ದೇ ಪ್ಲಾಸ್ಟಿಕ್ ಆದ್ದರಿಂದ ಬಿಸಿಗೆ ಅದು ಸುತ್ತಲಿನ ಭಾಗದೊಂದಿಗೇ ಹಿಗ್ಗುತ್ತದೆ, ಕುಗ್ಗುತ್ತದೆ, ಎಮರಿ ಕಾಗದಕ್ಕೂ ಒಂದೇ ರೀತಿ ಒಗ್ಗುತ್ತದೆ.

ಆದರೆ ಈ ವಿಧಾನ ತಾಳ್ಮೆಯನ್ನು ಕೇಳುತ್ತದೆ. ಅಸಿಟೋನ್ ಆರುತ್ತಾ ಹೋದಂತೆ ತುಂಬಿದ ಜಾಗ ಕುಗ್ಗುವುದರಿಂದ ತೆಳುವಾಗಿ ಹಚ್ಚಿ, ಆರಲು ಬಿಟ್ಟು, ಮತ್ತೆ ಹಚ್ಚಬೇಕು. ದಪ್ಪಗೆ ಒಮ್ಮೆಲೇ ತುಂಬಿದರೆ ಒಳಗೆ ಗುಳ್ಳೆ ಉಳಿಯುತ್ತದೆ. ಎಬಿಎಸ್‌ನಲ್ಲಿರುವ ಬ್ಯುಟಡೈಯೀನ್ ಎಂಬ ರಬ್ಬರಿನ ಅಂಶವನ್ನು ಬಿಸಿಲಿನ ಅತಿನೇರಳೆ ಕಿರಣಗಳು ಮೇಲಿನಿಂದ ಹಾಳು ಮಾಡುತ್ತಾ ಬಂದಿರುತ್ತವೆ. ಹಳೆಯ ಕಾರಿನ ಪ್ಲಾಸ್ಟಿಕ್ ಪೆಡಸಾಗಲು ಅದೇ ಮುಖ್ಯ ಕಾರಣ. ಆ ಪೆಡಸಾದ ಅಂಚನ್ನು ಹಾಗೆಯೇ ಉಳಿಸಿ ಕರಗಿಸಿದರೆ ಜೋಡಣೆಯೂ ಪೆಡಸಾಗುತ್ತದೆ. ಆದ್ದರಿಂದ ಬಿರುಕಿನ ಎರಡೂ ಬದಿಯನ್ನು ಇಳಿಜಾರಾಗಿ ಕೆರೆದು ಹೊಸ ಪ್ಲಾಸ್ಟಿಕ್ ಕಾಣುವಂತೆ ಮಾಡಿಕೊಳ್ಳಬೇಕು ಮತ್ತು ಬಿರುಕು ನಿಂತಿರುವ ತುದಿಯಲ್ಲಿ 2 ಮಿಲಿಮೀಟರಿನ ತೂತು ಕೊರೆದು ಅದು ಮುಂದೆ ಹರಿಯದಂತೆ ತಡೆಯಬೇಕು. ಭಾಗವನ್ನು ಕಾರಿನಿಂದ ಬಿಚ್ಚದೆ, ಸ್ಕ್ರೂ ಬಿಗಿದಿರುವಾಗಲೇ ಅಸಿಟೋನ್ ತಾಗಿಸುವುದು ಸಲ್ಲದು. ಎಳೆತದಲ್ಲಿರುವ ಎಬಿಎಸ್‌ಗೆ ದ್ರಾವಕ ಸೋಕಿದರೆ ಹೊಸ ಬಿರುಕುಗಳೇ ಹುಟ್ಟಬಹುದು.

ನಾಲ್ಕನೆಯದು ಬಿಸಿಯ ಬೆಸುಗೆ. ಬಂಪರ್ ರಿಪೇರಿಯವರು ಬಳಸುವ, ಬಿಸಿಯಾದ ತಂತಿಯ ಪಿನ್ನನ್ನು ಪ್ಲಾಸ್ಟಿಕ್ಕಿನೊಳಗೆ ಇಳಿಸುವ ಯಂತ್ರವನ್ನೂ, ಸಾಲ್ಡರಿಂಗ್ ಐರನ್ನಿನಿಂದ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿಯನ್ನು ಹಿಂಬದಿಯಲ್ಲಿ ಹುದುಗಿಸುವ ಕ್ರಮವನ್ನೂ ನೋಡಿದ್ದೇನೆ. ತೇಲಿದ ಕನ್ಸೋಲ್ ಪೆಟ್ಟಿಗೆಗೆ ಇದೊಂದೇ ದಾರಿ, ಏಕೆಂದರೆ ಪಾಲಿಪ್ರೊಪಿಲೀನ್‌ಗೆ ಮೇಲಿನ ಮೂರರಲ್ಲಿ ಯಾವುದೂ ನೆಚ್ಚುವಂತೆ ಹಿಡಿಯುವುದಿಲ್ಲ. ಪಿನ್ನು ಬೇಗ ಕೂರುತ್ತದೆ, ಆದರೆ ತೆಳುವಾದ ಭಾಗದಲ್ಲಿ ಅದರ ಗುರುತು ಮುಂಬದಿಗೆ ಉಬ್ಬಿ ಕಾಣುತ್ತದೆ. ಜಾಲರಿಯ ಕೆಲಸ ನಿಧಾನವಾದರೂ ಬಲವನ್ನು ಅಗಲಕ್ಕೆ ಹಂಚುವುದರಿಂದ ನನ್ನ ಒಲವು ಅದರ ಕಡೆಗೆ. ಎಬಿಎಸ್ ಭಾಗಗಳಲ್ಲಿಯೂ ಕಾಲಂ ಕವರಿನ ಸ್ಕ್ರೂ ಕೂರುವ ಟೊಳ್ಳು ಗೂಟಗಳ ಬುಡಕ್ಕೆ ಮೊದಲು ಜಾಲರಿ ಹುದುಗಿಸಿ, ಅದರ ಮೇಲೆ ಗೊಜ್ಜು ತುಂಬಿದ ಜೋಡಣೆ ಉಳಿದೆಲ್ಲವನ್ನೂ ಮೀರಿಸಿದೆ. ಕರಗುವ ಪ್ಲಾಸ್ಟಿಕ್ಕಿನ ಹೊಗೆ ಒಳ್ಳೆಯದಲ್ಲ. ಬಾಗಿಲು ತೆರೆದಿಟ್ಟು, ಸಾವಯವ ಆವಿಯನ್ನು ತಡೆಯುವ ಮುಖಗವಸು ಹಾಕಿಕೊಂಡೇ ಮಾಡಬೇಕು.

ಬಣ್ಣಕ್ಕೆ ಮೊದಲು ತೊಳೆಯುವುದು ಮುಖ್ಯ, ಅದೂ ಉಜ್ಜುವುದಕ್ಕಿಂತ ಮುಂಚೆ. ವರ್ಷಗಟ್ಟಲೆ ಹಚ್ಚಿದ ಡ್ಯಾಶ್‌ಬೋರ್ಡ್ ಪಾಲಿಶಿನ ಸಿಲಿಕೋನ್ ಉಳಿದಿದ್ದರೆ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಸಣ್ಣ ಗುಳಿಗಳಾಗುತ್ತವೆ. ಪಾತ್ರೆ ತೊಳೆಯುವ ಸೋಪಿನ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್, ಅನಂತರ 400 ಮತ್ತು 600ರ ಎಮರಿ ಕಾಗದ, ಕೊನೆಗೆ ಬಣ್ಣ ಹಿಡಿಯಲೆಂದು ಹಚ್ಚುವ ತಳಪದರವಾದ ಪ್ಲಾಸ್ಟಿಕ್ ಪ್ರೈಮರ್ ಎಂಬುದು ನಾನು ಪಾಲಿಸುವ ಕ್ರಮ. ಪಾಲಿಪ್ರೊಪಿಲೀನ್ ಆದರೆ ಪ್ರೈಮರಿಗೂ ಮೊದಲು ಅದಕ್ಕೆಂದೇ ಇರುವ ಹಿಡಿತದ ದ್ರಾವಣ ಬೇಕು. ಉಜ್ಜಿದ ಜಾಗದಲ್ಲಿ ಚರ್ಮದಂಥ ಮೂಲ ವಿನ್ಯಾಸ ಅಳಿಸಿಹೋಗುವುದು ದೊಡ್ಡ ತೊಂದರೆ. ಅದಕ್ಕೆ, ಕೆಡದ ಭಾಗವೊಂದರ ಮೇಲೆ ಸಿಲಿಕೋನ್ ರಬ್ಬರಿನಿಂದ ಅಚ್ಚು ತೆಗೆದುಕೊಂಡು, ಕೊನೆಯ ಪದರವಾಗಿ ಹಚ್ಚಿದ ಪುಟ್ಟಿ ಇನ್ನೂ ಮೆದುವಾಗಿರುವಾಗ ಒತ್ತಿದರೆ ವಿನ್ಯಾಸ ಬಹುಪಾಲು ಮರಳುತ್ತದೆ.

ಬಣ್ಣಗಳಲ್ಲಿ ಸ್ಪ್ರೇ ಡಬ್ಬಿಯ ಅಕ್ರಿಲಿಕ್ ಅರೆಮ್ಯಾಟ್ ಕಪ್ಪು ಮೂಲದ ಹೊಳಪಿಗೆ ಅತ್ಯಂತ ಸಮೀಪ ಬಂದಿತು. ಗಾಳಿಕಿಂಡಿಯ ಚೌಕಟ್ಟಿಗೆ ಅದನ್ನೇ ಉಳಿಸಿಕೊಂಡಿದ್ದೇನೆ. ಮುಂದೆ ಗೀರು ಬಿದ್ದರೂ ಆ ಜಾಗಕ್ಕಷ್ಟೇ ಮತ್ತೆ ಹಚ್ಚಬಹುದು. ಕೈ ಸದಾ ತಾಗುವ ಕಡೆ ಅದು ಸವೆಯುತ್ತದೆ. ನಮ್ಮ ಗ್ಯಾರೇಜುಗಳ ಹಳೆಯ ಡ್ಯೂಕೋ, ಅಂದರೆ ನೈಟ್ರೊಸೆಲ್ಯುಲೋಸ್ ಬಣ್ಣವನ್ನು ನಾನು ಯಾರಿಗೂ ಸೂಚಿಸಲಾರೆ. ಅದರ ಥಿನ್ನರ್ ಒದ್ದೆಯಾಗಿ ಬಿದ್ದರೆ ಎಬಿಎಸ್‌ನ ಮೇಲ್ಮೈ ಜಾಲದಂತೆ ಒಡೆಯುತ್ತದೆ, ಮಳೆಗಾಲದ ತೇವದಲ್ಲಿ ಕಪ್ಪು ಬಣ್ಣ ಬಿಳಿಚಿಕೊಳ್ಳುತ್ತದೆ, ಕಾಲಕ್ರಮದಲ್ಲಿ ಪದರವೇ ಪೆಡಸಾಗುತ್ತದೆ. ಗಟ್ಟಿಕಾರಕ ಬೆರೆಸುವ ಎರಡು ಘಟಕಗಳ ಪಾಲಿಯುರೆಥೇನ್ ಬಣ್ಣ ಬಾಳಿಕೆಯಲ್ಲಿ ಎಲ್ಲಕ್ಕಿಂತ ಮುಂದು. ಬಿಸಿಲು, ಪೆಟ್ರೋಲಿನ ಹನಿ, ಬೆವರಿನ ಕೈ ಯಾವುದಕ್ಕೂ ಅದು ಜಗ್ಗಿಲ್ಲ. ಅದರ ಗಟ್ಟಿಕಾರಕದಲ್ಲಿರುವ ಐಸೊಸೈಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಮನೆಯ ಅಂಗಳದಲ್ಲಿ ಸಿಂಪಡಿಸುವಂಥದ್ದಲ್ಲ. ಬಣ್ಣ ಸಿಂಪಡಿಸಲೆಂದೇ ಇರುವ ಸರಿಯಾದ ಕೋಣೆ (ಬೂತ್) ಉಳ್ಳ ಪೇಂಟರ್ ಬಳಿ ಕೊಟ್ಟು, ಹೊಳಪು ಇಳಿಸುವ ಪುಡಿ ಬೆರೆಸಲು ಮತ್ತು ಭಾಗವನ್ನು ಹೆಚ್ಚು ಬಿಸಿಯ ಓವನ್ನಿನಲ್ಲಿ ಇಡದಿರಲು ಮೊದಲೇ ಹೇಳಬೇಕು. ಕಾಲಂ ಕವರಿಗೂ ಗ್ರಿಲ್‌ಗೂ ನಾನು ಈ ಬಣ್ಣವನ್ನೇ ಆರಿಸಿದೆ.

ಮರುಜೋಡಿಸುವಾಗ ಸ್ಕ್ರೂಗಳ ಕೆಳಗೆ ಅಗಲವಾದ ವಾಷರ್ ಹಾಕಿ, ಡ್ರಿಲ್ ಯಂತ್ರದ ಬದಲು ಕೈಯಿಂದಲೇ ತಿರುಗಿಸಿ, ಭಾಗ ಅಲುಗಾಡದಷ್ಟಕ್ಕೆ ನಿಲ್ಲಿಸುವುದು ಒಳಿತು. ಈ ಕವರುಗಳಲ್ಲಿ ನಾನು ಕಂಡ ಬಿರುಕುಗಳಲ್ಲಿ ಹೆಚ್ಚಿನವು ಹಿಂದೆ ಯಾರೋ ಅತಿಯಾಗಿ ಬಿಗಿದ ಸ್ಕ್ರೂವಿನ ಬುಡದಿಂದಲೇ ಹೊರಟಿದ್ದವು.