ಹುಬ್ಬಳ್ಳಿ–ಗದಗ ದಾರಿಯಲ್ಲಿ ರಿಯಾಯಿತಿ: ಕೆಂಪು ಬಸ್ಸೋ, ರೈಲೋ?

ವಯಸ್ಸಾದವರಿಗೆ, ಅಂಗವಿಕಲರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಉಂಟು ಅನ್ನೋದು ಎಲ್ಲರಿಗೂ ಗೊತ್ತು. ಯಾರಿಗೆ ಎಷ್ಟು, ಯಾವ ಗಾಡಿಯಲ್ಲಿ, ಏನು ತೋರಿಸಿದರೆ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮ ಮನೆಯಲ್ಲೇ ಈ ಲೆಕ್ಕಕ್ಕೆ ಬರುವವರು ನಾಲ್ಕು ಜನ. ಅರವತ್ತು ದಾಟಿದ ನಾನು, ನನ್ನ ಹೆಂಡತಿ, ಪೋಲಿಯೊ ಬಂದು ಒಂದು ಕಾಲು ಸೋತ ನನ್ನ ತಮ್ಮ, ಹುಟ್ಟಿನಿಂದಲೇ ಕಣ್ಣು ಕಾಣದ ತಂಗಿಯ ಮಗ. ನಾವಿಬ್ಬರು ಧಾರವಾಡದಲ್ಲಿ, ಅವರಿಬ್ಬರು ಗದಗಿನಲ್ಲಿ. ತಮ್ಮನ ನೌಕರಿ ಹುಬ್ಬಳ್ಳಿಯಲ್ಲಿ. ಹೀಗಾಗಿ ಬಸ್ಸು, ರೈಲು ಎರಡನ್ನೂ ನಾವು ಸಾಕಷ್ಟು ಹತ್ತಿ ಇಳಿದಿದ್ದೇವೆ.

ಮೊದಲು ನನ್ನಂಥವರದು. ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿನಲ್ಲಿ 60 ತುಂಬಿದ, ಕರ್ನಾಟಕದಲ್ಲೇ ವಾಸವಿರುವ ಯಾರಿಗಾದರೂ ದರದಲ್ಲಿ 25 ಪರ್ಸೆಂಟ್ ಕಡಿಮೆ. ಅರ್ಜಿ ಬೇಡ, ಪಾಸ್ ಬೇಡ. ಕಂಡಕ್ಟರ್ ಎದುರಿಗೆ ಬಂದಾಗ ಆಧಾರ್ ಕಾರ್ಡ್ ಕೈಯಲ್ಲಿರಬೇಕು, ಅಷ್ಟೇ. "ಹಿರ್ಯಾರ, ಎಲ್ಲಿಗ್ರಿ?" ಅಂದ ಕೂಡಲೇ ಊರಿನ ಹೆಸರಿನ ಜೊತೆಗೇ ಕಾರ್ಡ್ ಮುಂದೆ ಹಿಡಿಯುವುದು ಒಳ್ಳೆಯದು. ಟಿಕೆಟ್ ಹರಿದ ಮೇಲೆ ಕಿಸೆ ತಡಕಾಡಿದರೆ ಅವರಿಗೂ ತೊಂದರೆ, ನಮಗೂ ತೊಂದರೆ. 2025ರ ಜನವರಿಯಲ್ಲಿ ಬಸ್ ದರ 15 ಪರ್ಸೆಂಟ್ ಏರಿದ ಮೇಲೆ ಈ ಕಾಲುಭಾಗದ ಬೆಲೆ ಇನ್ನೂ ಹೆಚ್ಚಾಗಿದೆ.

ರೈಲಿನಲ್ಲಿ ನನಗೆ ಸಿಗುವುದು ಏನೂ ಇಲ್ಲ. ಹಿಂದೆ ಇತ್ತು. 60 ದಾಟಿದ ಗಂಡಸರಿಗೆ 40 ಪರ್ಸೆಂಟ್, 58 ದಾಟಿದ ಹೆಣ್ಣುಮಕ್ಕಳಿಗೆ 50 ಪರ್ಸೆಂಟ್ ಕಡಿಮೆ ಆಗುತ್ತಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಅದನ್ನು ನಿಲ್ಲಿಸಿದರು, ಮತ್ತೆ ಕೊಡಲಿಲ್ಲ. ರಿಸರ್ವೇಶನ್ ಮಾಡುವಾಗ ವಯಸ್ಸು ನೋಡಿ ಕೆಳಗಿನ ಬರ್ತ್ ಕೊಡುವ ಪದ್ಧತಿ ಉಳಿದಿದೆ. ಗಂಡಸರಿಗೆ 60, ಹೆಂಗಸರಿಗೆ 45 ಆಗಿದ್ದರೆ, ಖಾಲಿ ಇದ್ದರೆ, ಕೊಡುತ್ತಾರೆ. ಮೊಣಕಾಲು ನೋವಿನವರಿಗೆ ಅದೂ ದೊಡ್ಡದೇ. ಆದರೆ ಪಿಂಚಣಿಯಿಲ್ಲದ ಮುದುಕರು ಮಗಳ ಊರಿಗೆ, ದವಾಖಾನೆಗೆ ಹೋಗಿಬರಲು ಆ ರಿಯಾಯಿತಿಯನ್ನೇ ನೆಚ್ಚಿಕೊಂಡಿದ್ದರು. ಅದನ್ನು ಮರಳಿ ಕೊಡಲೇಬೇಕು ಎಂದು ನಾನು ನಂಬಿದ್ದೇನೆ. ಎಲ್ಲರಿಗೂ ಆಗದಿದ್ದರೆ ಸ್ಲೀಪರ್‌ಗೆ, ಸೆಕೆಂಡ್ ಕ್ಲಾಸಿಗೆ ಮಾತ್ರವಾದರೂ ಕೊಡಲಿ.

ಇಷ್ಟಾದರೂ ಧಾರವಾಡದಿಂದ ಹುಬ್ಬಳ್ಳಿಗೆ ಒಬ್ಬನೇ ಹೋಗುವಾಗ ರೊಕ್ಕದ ಲೆಕ್ಕದಲ್ಲಿ ಗೆಲ್ಲುವುದು ಪ್ಯಾಸೆಂಜರ್ ಗಾಡಿಯೇ. ಅದರ ಕನಿಷ್ಠ ದರ 10 ರೂಪಾಯಿ, ಎಕ್ಸ್‌ಪ್ರೆಸ್ ಹತ್ತಿದರೆ 30. ಹತ್ತು ರೂಪಾಯಿಯ ಟಿಕೆಟಿಗೆ ಯಾವ ರಿಯಾಯಿತಿಯೂ ಬೇಕಾಗಿಲ್ಲ. ಬೇಕಾಗಿರುವುದು ನಮ್ಮ ಹೊತ್ತಿಗೆ ಸರಿಯಾಗಿ ಬರುವ ಗಾಡಿ. ಹೊತ್ತು ಹೊಂದದಿದ್ದರೆ ಬಸ್ಸೇ ಸೈ.

ಹೆಂಡತಿಯ ವಿಷಯದಲ್ಲಿ ಹೋಲಿಕೆಯೇ ಬೇಡ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಿಟಿ, ಆರ್ಡಿನರಿ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಗೆ ಹೋದರೂ ಸೊನ್ನೆ ಟಿಕೆಟ್. ರೈಲಿನಲ್ಲಿ ಅವಳದೂ ಪೂರ್ತಿ ದರ.

ಇನ್ನು ತಮ್ಮನದು. ಹೆಚ್ಚು ಹೇಳಬೇಕಾದದ್ದು ಇಲ್ಲೇ. ಅವನ ಹತ್ತಿರ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ, ಇದೆ. ಹಳದಿ ಪಟ್ಟಿಯದು, ಅಂದರೆ ವೈಕಲ್ಯ 40ರಿಂದ 80 ಪರ್ಸೆಂಟ್ ನಡುವೆ. ಅದರ ಮೇಲೆ ಅಂಗವಿಕಲರ ರಿಯಾಯಿತಿ ಬಸ್ ಪಾಸ್ ಮಾಡಿಸಿಕೊಂಡಿದ್ದಾನೆ. ಅರ್ಜಿ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ, ಶುಲ್ಕ ವರ್ಷಕ್ಕೆ 660 ರೂಪಾಯಿ. ತಿಂಗಳಿಗೆ 55 ರೂಪಾಯಿ ಬಿತ್ತು. ಇರುವ ಊರಿನಿಂದ 100 ಕಿಲೋಮೀಟರ್ ಒಳಗೆ ಸಾದಾ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ವರ್ಷವಿಡೀ ಓಡಾಡಬಹುದು. ಗದಗಿನವನಿಗೆ ಹುಬ್ಬಳ್ಳಿ, ಧಾರವಾಡ, ಕೊಪ್ಪಳ ಎಲ್ಲ ಆ ಸುತ್ತಿನೊಳಗೇ ಬಂದವು. ಬೆಳಗಾವಿ ಹೊರಗುಳಿಯಿತು. ದಿನಾ ಗದಗ–ಹುಬ್ಬಳ್ಳಿ ಮಾಡುವ ಮನುಷ್ಯನಿಗೆ ಇದರಷ್ಟು ದೊಡ್ಡ ಆಸರೆ ಬೇರೆ ಇಲ್ಲ. ಜೊತೆಗೆ ಅವನ ಹೆಂಡತಿಯೂ ಹೊರಟರೆ ಅವಳದು ಶಕ್ತಿಯ ಸೊನ್ನೆ ಟಿಕೆಟ್. ಗಂಡ ಹೆಂಡತಿ ಇಬ್ಬರೂ ಕಿಸೆಗೆ ಕೈ ಹಾಕದೆ ಅಣ್ಣಿಗೇರಿ ದಾಟಿ ಹುಬ್ಬಳ್ಳಿಗೆ ಬಂದು ಹೋಗುತ್ತಾರೆ.

ರೈಲಿನ ರಿಯಾಯಿತಿ ಕಾಗದದ ಮೇಲೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸೆಕೆಂಡ್ ಕ್ಲಾಸ್, ಸ್ಲೀಪರ್, ತ್ರೀ ಎಸಿಯಲ್ಲಿ 75 ಪರ್ಸೆಂಟ್, ತಿಂಗಳ ಸೀಸನ್ ಟಿಕೆಟ್‌ನಲ್ಲಿ 50. ಆದರೆ ಕೈಕಾಲಿನ ಊನ ಇದ್ದವರಿಗೆ ಒಂದು ಷರತ್ತು ಇದೆ: ಸಹಾಯಕರಿಲ್ಲದೆ ಪ್ರಯಾಣ ಮಾಡಲಾರರು ಎಂದು ಸರ್ಕಾರಿ ಡಾಕ್ಟರು ಬರೆದುಕೊಡಬೇಕು. ನನ್ನ ತಮ್ಮ ಊರುಗೋಲು ಊರಿಕೊಂಡು, ಕಾಲಿಗೆ ಆಸರೆಯ ಕ್ಯಾಲಿಪರ್ ಪಟ್ಟಿ ಬಿಗಿದುಕೊಂಡು, ಒಬ್ಬನೇ ನೌಕರಿಗೆ ಹೋಗಿಬರುವವನು. ಅಷ್ಟು ಕಷ್ಟಪಟ್ಟು ಸ್ವತಂತ್ರನಾದದ್ದಕ್ಕೆ ರಿಯಾಯಿತಿಯೇ ಇಲ್ಲ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ರೈಲಿನ ಈ ರಿಯಾಯಿತಿ ಹೊಂದುವುದು ನಾಲ್ಕು ಬಗೆಯವರಿಗೆ ಮಾತ್ರ. ಮಂದದೃಷ್ಟಿಯವರು ಅದರಲ್ಲಿಲ್ಲ, ಪೂರ್ತಿ ಕಾಣದವರಷ್ಟೇ. ಕಿವಿ ಕೇಳದವರಿಗೆ ಮಾತೂ ಬಾರದಿದ್ದರೆ ಮಾತ್ರ 50 ಪರ್ಸೆಂಟ್. ಈ ಮಟ್ಟಿಗೆ ನಮ್ಮ ಬಸ್ ಪಾಸಿನ 40 ಪರ್ಸೆಂಟ್ ವೈಕಲ್ಯ ಎಂಬ ಒಂದೇ ಅಳತೆ ಬಹಳ ನ್ಯಾಯದ್ದು.

ತಂಗಿಯ ಮಗನ ಲೆಕ್ಕ ತಲೆಕೆಳಗು. ಅವನು ಗದಗಿನ ಪುಣ್ಯಾಶ್ರಮದಲ್ಲಿ ಹಾಡು ಕಲಿತವನು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರೇ, ಕಟ್ಟಿ ಬೆಳೆಸಿದ ಆ ಆಶ್ರಮದಿಂದ ಹೊರಬಿದ್ದವರು ಕಾರ್ಯಕ್ರಮಕ್ಕೆ ಅಂತ ಊರೂರು ತಿರುಗುವುದು ನಮ್ಮ ಕಡೆ ಎಲ್ಲರೂ ಕಂಡದ್ದೇ. ಕಣ್ಣು ಕಾಣದವರಿಗೆ ಬಸ್ ಪಾಸ್ ಪೂರ್ತಿ ಉಚಿತ. ಹುಲಕೋಟಿಗೋ ಹುಬ್ಬಳ್ಳಿಗೋ ಒಬ್ಬನೇ ಹೊರಟರೆ ಅದನ್ನು ಮೀರಿಸುವುದು ಯಾವುದೂ ಇಲ್ಲ. ಬೆಂಗಳೂರಿಗೆ ಹೊರಟಾಗ ಮಾತ್ರ ನಾನು ಜೊತೆಗಿರುತ್ತೇನೆ. ಬಸ್ಸಿನಲ್ಲಿ ಅವನದು ಸೊನ್ನೆ, ನನ್ನದು ಮುಕ್ಕಾಲು ಟಿಕೆಟ್. ಸ್ಲೀಪರ್ ಗಾಡಿಯಲ್ಲಿ ಅವನಿಗೆ 75 ಪರ್ಸೆಂಟ್ ಕಡಿಮೆ, ಜೊತೆಗಾರನಾದ ನನಗೂ ಅಷ್ಟೇ. ಅಂದರೆ ಅವನದು ಕಾಲು, ನನ್ನದು ಕಾಲು, ಇಬ್ಬರದೂ ಸೇರಿ ಅರ್ಧ ಟಿಕೆಟ್. ಮೂಲ ದರಕ್ಕೆ ಮಾತ್ರ ಈ ಕಡಿತ. ರಿಸರ್ವೇಶನ್ ಶುಲ್ಕ, ಸೂಪರ್‌ಫಾಸ್ಟ್ ಶುಲ್ಕ ಪೂರ್ತಿ ಬೀಳುತ್ತದೆ. ಆದರೂ ರಾತ್ರಿಯಿಡೀ ಕೂತುಕೊಂಡು ಹೋಗುವುದಕ್ಕಿಂತ ಮಲಗಿ ಹೋಗುವುದು ಅಗ್ಗವಾಯಿತು. ಇದಕ್ಕೆ ರೈಲ್ವೆಯವರ ಫೋಟೊ ಗುರುತಿನ ಕಾರ್ಡ್ ಬೇರೆ ಮಾಡಿಸಬೇಕು. ಒಮ್ಮೆ ಮಾಡಿಸಿಕೊಂಡರೆ ಆನ್‌ಲೈನ್‌ನಲ್ಲೂ ಬುಕ್ ಮಾಡಬಹುದು, ಕೌಂಟರಿಗೆ ಅಲೆಯುವುದು ತಪ್ಪುತ್ತದೆ. ಗದಗ–ಹುಬ್ಬಳ್ಳಿಯಂಥ ಗಿಡ್ಡ ದಾರಿಗೆ ಈ ಕಾರ್ಡಿನಿಂದ ಅಂಥ ಲಾಭ ಇಲ್ಲ. ಪ್ಯಾಸೆಂಜರ್ ಗಾಡಿ ಹತ್ತಿದರೂ ರಿಯಾಯಿತಿ ಲೆಕ್ಕ ಹಾಕುವುದು ಎಕ್ಸ್‌ಪ್ರೆಸ್ ದರದ ಮೇಲೆ.

ಹತ್ತುವುದು ಇಳಿಯುವುದು ರೊಕ್ಕದಷ್ಟೇ ಮುಖ್ಯ. ಕೆಂಪು ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಊರುಗೋಲಿನವರಿಗೆ ಯಾರಾದರೂ ರಟ್ಟೆ ಹಿಡಿಯಬೇಕು. ರೈಲಿನಲ್ಲಿ ಅಂಗವಿಕಲರ ಡಬ್ಬಿ ಗಾಡಿಯ ತುದಿಗೆ, ಗಾರ್ಡಿನ ಡಬ್ಬಿಗೆ ಹತ್ತಿ ಇರುತ್ತದೆ. ಹುಬ್ಬಳ್ಳಿಯ ಆ 1,507 ಮೀಟರ್ ಪ್ಲಾಟ್‌ಫಾರ್ಮಿನ ಮೇಲೆ ಯಾವ ತುದಿ ಎಂದು ಮೊದಲೇ ಕೇಳಿಟ್ಟುಕೊಳ್ಳದಿದ್ದರೆ ನಡೆದೇ ಸುಸ್ತು. ಈ ಒಂದು ವಿಷಯದಲ್ಲಿ ಹುಬ್ಬಳ್ಳಿ–ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸು ಎರಡನ್ನೂ ಹಿಂದೆ ಹಾಕಿದೆ. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಹೆಚ್ಚುಕಡಿಮೆ ಒಂದೇ ಎತ್ತರ, ಹೆಜ್ಜೆ ಮುಂದಿಟ್ಟರೆ ಒಳಗೆ. ರಸ್ತೆ ನಡುವಿನ ನಿಲ್ದಾಣಕ್ಕೆ ಹೋಗಲು ವಾಹನಗಳ ಹರಿವು ದಾಟಬೇಕಾದದ್ದೊಂದೇ ಚಿಂತೆ. ತಮ್ಮ ಧಾರವಾಡಕ್ಕೆ ಬಂದಾಗ ಆ ದಾಟುವ ಜಾಗದಲ್ಲಿ ನಾನೇ ನಿಂತಿರುತ್ತೇನೆ.

ಹಾವೇರಿ, ಗದಗ ಕಡೆಯ ಅಂಗವಿಕಲರು ನನ್ನನ್ನು ಕೇಳಿದರೆ ಹೇಳುವುದು ಇಷ್ಟು. ನೂರು ಕಿಲೋಮೀಟರ್ ಒಳಗೆ ಬಸ್ ಪಾಸ್. ಅದರಾಚೆ, ಜೊತೆಗೆ ಒಬ್ಬರಿದ್ದು, ಡಾಕ್ಟರರ ಪ್ರಮಾಣಪತ್ರ ಸಿಗುವಂತಿದ್ದರೆ ರೈಲು. ಬಸ್ ಪಾಸ್ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಅರ್ಧ ವರ್ಷ ಕಳೆದ ಮೇಲೆ ಮಾಡಿಸಿದರೂ ಅಷ್ಟೇ. ಆದ್ದರಿಂದ ಹೊಸಬರು ವರ್ಷದ ಶುರುವಿನಲ್ಲೇ ಅರ್ಜಿ ಹಾಕಿ. ಹಾಕುವ ಮುಂಚೆ ಆಧಾರ್‌ನಲ್ಲಿರುವ ವಿಳಾಸ ನೋಡಿಕೊಳ್ಳಿ. ನೂರು ಕಿಲೋಮೀಟರ್ ಎಣಿಸುವುದು ವಾಸದ ಊರಿನಿಂದ. ಇರುವುದು ಹಾವೇರಿಯಲ್ಲಿ, ವಿಳಾಸ ಇನ್ನೂ ಹುಟ್ಟಿದ ಹಳ್ಳಿಯದು ಎಂದಿದ್ದರೆ ಮೊದಲು ಅದನ್ನು ತಿದ್ದಿಸಿ, ಆಮೇಲೆ ಸೇವಾ ಸಿಂಧು ತೆರೆಯಿರಿ.