ಎಡಿಸನ್‌ನ ವೀಸಾ ಲಾಯರ್ ಆಫೀಸು: ಆರು ವರ್ಷ ಮುಗೀತು ಅಂದ್ಕೊಂಡಿದ್ದ ನನಗೆ ಇನ್ನೂ 301 ದಿನ ಸಿಕ್ತು

ಎಚ್-1ಬಿ, ಅಂದ್ರೆ ಅಮೇರಿಕಾದ ಕೆಲಸದ ವೀಸಾದ ಆರನೇ ವರ್ಷದಲ್ಲಿ ಇರೋರು, ಅದರಲ್ಲೂ ಐ-140 (ಗ್ರೀನ್ ಕಾರ್ಡಿಗೆ ಕಂಪ್ನಿ ಹಾಕೋ ಅರ್ಜಿ) ಇನ್ನೂ ಅಪ್ರೂವ್ ಆಗದೇ ಇರೋರು ದಯವಿಟ್ಟು ಪೂರ್ತಿ ಓದಿ. ನ್ಯೂಜೆರ್ಸಿ ಎಡಿಸನ್‌ನಲ್ಲಿ ಓಕ್ ಟ್ರೀ ರೋಡ್ ಹತ್ರ ಇರೋ ಒಂದು ಚಿಕ್ಕ ಇಮಿಗ್ರೇಶನ್ ಲಾಯರ್ ಆಫೀಸಿನ ರಿವ್ಯೂ ಇದು. ಒಬ್ರು ಲಾಯರ್ ಮೇಡಂ, ಇಬ್ರು ಅಸಿಸ್ಟೆಂಟ್ಸ್, ಅಷ್ಟೇ ಜನ. 5ಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ.

ನನ್ನ ಎಚ್-1ಬಿ ಪಿಟಿಷನ್ (ಕಂಪ್ನಿ ಹಾಕೋ ಅರ್ಜಿ) ಶುರುವಾಗಿದ್ದು 2019 ಅಕ್ಟೋಬರ್ 1ಕ್ಕೆ, ಮೊದಲು ಮೂರು ವರ್ಷ ಕೊಟ್ರು, ಆಮೇಲೆ ಇನ್ನೊಂದು ಮೂರು ವರ್ಷ ಎಕ್ಸ್‌ಟೆನ್ಷನ್, ಅಲ್ಲಿಗೆ 2025 ಸೆಪ್ಟೆಂಬರ್ 30. ಗ್ರೀನ್ ಕಾರ್ಡಿಗೆ ಪರ್ಮ್ (ಮೊದಲ ಹಂತದ ಲೇಬರ್ ಸರ್ಟಿಫಿಕೇಟ್ ಅರ್ಜಿ) ಫೈಲ್ ಆಗಿದ್ದು 2025 ಫೆಬ್ರವರಿ 11ಕ್ಕೆ, ತುಂಬಾ ಲೇಟು, ಎರಡು ವರ್ಷದಿಂದ ಕೇಳ್ತಾನೇ ಇದ್ದೆ. ಕಂಪ್ನಿ ಆಗ ಇಟ್ಕೊಂಡಿದ್ದ ಲಾಯರ್‌ಗಳು ಜೂನ್‌ನಲ್ಲಿ ಒಂದು ಮೇಲ್ ಹಾಕಿದ್ರು, ನಾಲ್ಕೇ ಲೈನು, ಆರು ವರ್ಷ ಸೆಪ್ಟೆಂಬರ್‌ಗೆ ಮುಗಿಯುತ್ತೆ, ಪರ್ಮ್‌ಗೆ 365 ದಿನ ಆಗಿರಲ್ಲ, ಹಾಗಾಗಿ ದೇಶ ಬಿಟ್ಟು ಒಂದು ವರ್ಷ ಹೊರಗಿದ್ದು ಆಮೇಲೆ ಹೊಸ ಆರು ವರ್ಷಕ್ಕೆ ಟ್ರೈ ಮಾಡಿ ಅಂತ. ಮಗಳು ಇಲ್ಲೇ ಕಿಂಡರ್‌ಗಾರ್ಟನ್, ಮನೆ ಲೀಸ್, ಕಾರ್ ಲೋನು, ಅವತ್ತು ರಾತ್ರಿ ನಾನೂ ನನ್ನ ಹೆಂಡತಿನೂ ಊಟ ಮಾಡಿಲ್ಲ.

ಗೊತ್ತಿಲ್ಲದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ. ಎಚ್-1ಬಿಗೆ ಒಟ್ಟು ಆರು ವರ್ಷ. ಅದೇ ಕಂಪ್ನಿಯ ಬೇರೆ ದೇಶದ ಆಫೀಸಿಂದ ಬರೋರ ವೀಸಾ ಎಲ್-1, ಅದರಲ್ಲಿ ಎಲ್-1ಎ ಮ್ಯಾನೇಜರ್‌ಗಳಿಗೆ ಏಳು, ಎಲ್-1ಬಿಗೆ ಐದು, ಮತ್ತೆ ಎಲ್-1ನಲ್ಲಿ ಕಳೆದ ಟೈಮು ಎಚ್-1ಬಿ ಆರು ವರ್ಷದೊಳಗೇ ಸೇರುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತಿರಲ್ಲ. ಆರು ವರ್ಷ ದಾಟಬೇಕು ಅಂದ್ರೆ 2000ನೇ ಇಸವಿಯ ಒಂದು ಕಾನೂನಿದೆ, ಎಸಿ21 ಅಂತಾರೆ. ಪರ್ಮ್ ಅಥವಾ ಐ-140 ಫೈಲ್ ಆಗಿ 365 ದಿನ ಆಗಿದ್ರೆ ಒಂದೊಂದು ವರ್ಷ ಎಕ್ಸ್‌ಟೆಂಡ್ ಮಾಡ್ತಾ ಹೋಗಬಹುದು, ಐ-140 ಅಪ್ರೂವ್ ಆಗಿ ನಮ್ಮ ದೇಶದ ಕೋಟಾ ಸಾಲದೇ ಕ್ಯೂನಲ್ಲಿ ನಿಂತಿದ್ರೆ ಮೂರು ಮೂರು ವರ್ಷ ಸಿಗುತ್ತೆ. ಇಂಡಿಯಾದವರ ಇಬಿ-2, ಇಬಿ-3 (ಕೆಲಸದ ಮೇಲೆ ಸಿಗೋ ಗ್ರೀನ್ ಕಾರ್ಡಿನ ವರ್ಗಗಳು) ಕ್ಯೂ ಹತ್ತು ವರ್ಷಕ್ಕೂ ಮೇಲೆ ಹಿಂದಿದೆಯಲ್ಲ, ಇಲ್ಲಿ ಹದಿನೈದು ವರ್ಷದಿಂದ ಎಚ್-1ಬಿನಲ್ಲೇ ಇರೋ ನಮ್ಮವರೆಲ್ಲ ಇದೇ ದಾರೀಲಿ ಇರೋದು.

ಈ ಆಫೀಸಿಗೆ ಹೋಗಿದ್ದು ಕನ್ನಡ ಕೂಟದ ಪರಿಚಯದವರೊಬ್ರು ಹೇಳಿದ್ದಕ್ಕೆ. ಅರ್ಧ ಗಂಟೆಗೆ 150 ಡಾಲರ್ ಕನ್ಸಲ್ಟೇಶನ್. ನಾನು ಐ-797 (ಅಪ್ರೂವಲ್ ನೋಟಿಸ್), ಪೇ ಸ್ಲಿಪ್ ಎಲ್ಲ ಫೈಲ್ ಮಾಡ್ಕೊಂಡು ಹೋಗಿದ್ದೆ, ಮೇಡಂ ಅದನ್ನ ಪಕ್ಕಕ್ಕಿಟ್ಟು ಮೊದಲು ಕೇಳಿದ್ದೇ ಪಾಸ್‌ಪೋರ್ಟು. ನೀವು ಅಮೇರಿಕಾ ಒಳಗೆ ಮೊದಲ ಸಲ ಕಾಲಿಟ್ಟಿದ್ದು ಯಾವತ್ತು ಅಂದ್ರು. 2019 ನವೆಂಬರ್ 17 ಅಂದೆ. ಹಾಗಾದ್ರೆ ನಿಮ್ಮ ಗಡಿಯಾರ ಶುರುವಾಗಿದ್ದೇ ಅವತ್ತು, ಅಕ್ಟೋಬರ್ 1ಕ್ಕೆ ಅಲ್ಲ ಅಂದ್ರು. ಹೋದ ತಕ್ಷಣ 47 ದಿನ ಸಿಕ್ತು!

ಆಮೇಲೆ ಹಳದಿ ಬಣ್ಣದ ಪ್ಯಾಡ್ ತಗೊಂಡು ಒಂದೊಂದೇ ಸೀಲ್ ನೋಡ್ತಾ ಬರಕೊಳ್ತಾ ಹೋದ್ರು. ಈ ಆರು ವರ್ಷ ಅನ್ನೋದು ಇಲ್ಲಿ ಇದ್ದ ದಿನಗಳ ಲೆಕ್ಕ, ಹೊರಗೆ ಪೂರ್ತಿ 24 ಗಂಟೆ ಇದ್ದ ಪ್ರತಿ ದಿನಾನೂ ವಾಪಸ್ ಕೇಳಬಹುದು, ರೀಕ್ಯಾಪ್ಚರ್ ಅಂತಾರೆ. ಹೊರಟ ದಿನ, ಬಂದ ದಿನ ಎರಡೂ ಬಿಡಬೇಕು. ನಾನು 2021 ಏಪ್ರಿಲ್ 14ಕ್ಕೆ ಇಲ್ಲಿಂದ ಹೊರಟಿದ್ದೆ, ಹಾಸನದಲ್ಲಿ ಅಪ್ಪಂಗೆ ಹುಷಾರಿರಲಿಲ್ಲ, ಕೋವಿಡ್ ಎರಡನೇ ಅಲೆ ಟೈಮು. ಮೇ 4ರಿಂದ ಇಂಡಿಯಾದಿಂದ ಬರೋರಿಗೆ ಬ್ಯಾನ್ ಹಾಕಿದ್ರಲ್ಲ, ಅದು ತೆಗೆದಿದ್ದು ನವೆಂಬರ್ 8ಕ್ಕೆ, ನಾನು ವಾಪಸ್ ಬಂದಿದ್ದು ನವೆಂಬರ್ 20. ಅಷ್ಟೂ ತಿಂಗಳು ಹಾಸನದ ಮನೇಲಿ ರಾತ್ರಿ ಪಾಳಿ ಮಾಡ್ಕೊಂಡು, ಕೆಲಸ ಉಳಿಯುತ್ತೋ ಇಲ್ವೋ ಅಂತ ಭಯದಲ್ಲೇ ಕಳೆದಿದ್ದೆ, ಆ ದಿನಗಳು ಇವತ್ತು ನನ್ನ ಕೈಗೆ ವಾಪಸ್ ಬರುತ್ತೆ ಅಂತ ಯಾರು ಅಂದ್ಕೊಂಡಿರ್ತಾರೆ. 219 ದಿನ. 2023 ಡಿಸೆಂಬರ್‌ನಲ್ಲಿ ತಂಗಿ ಮದುವೆ, ಚೆನ್ನೈನಲ್ಲಿ ವೀಸಾ ಸ್ಟಾಂಪಿಂಗ್ ಎಲ್ಲ ಸೇರಿ 32. ಟೊರಾಂಟೋಗೆ ಆಫೀಸ್ ಕೆಲಸಕ್ಕೆ ಸೋಮವಾರ ಹೋಗಿ ಶುಕ್ರವಾರ ಬಂದಿದ್ದು ನನಗೆ ಮರೆತೇ ಹೋಗಿತ್ತು, ಅದೂ ಒಂದು 3. ಮೊದಲಿನ 47 ಸೇರಿ ಒಟ್ಟು 301, ಕೊನೇ ದಿನ 2026 ಜುಲೈ 28. ಅದಕ್ಕೂ ಮುಂಚೆ, 2026 ಫೆಬ್ರವರಿ 11ಕ್ಕೆ ಪರ್ಮ್‌ಗೆ 365 ದಿನ ಆಗಿ ಒಂದು ವರ್ಷದ ಎಕ್ಸ್‌ಟೆನ್ಷನ್ನಿನ ಬಾಗಿಲೂ ತೆರೆಯುತ್ತೆ ಅಂದ್ರು.

ಸಾಕ್ಷಿ ನಾವೇ ಕೊಡಬೇಕು, ಇಮಿಗ್ರೇಶನ್ ಇಲಾಖೆಯವರು ತಾವಾಗೇ ಲೆಕ್ಕ ಹಾಕಿ ಕೊಡಲ್ಲ. ಅಮೇರಿಕಾದಿಂದ ಹೊರಡೋವಾಗ ಸೀಲ್ ಹಾಕಲ್ವಲ್ಲ, ಬೆಂಗಳೂರು ಏರ್‌ಪೋರ್ಟಿನ ಅರೈವಲ್ ಸೀಲೇ ಆಧಾರ, ನನ್ನದು ಇಂಕ್ ಹರಡಿ 16ಓ 18ಓ ಗೊತ್ತಾಗ್ತಿರಲಿಲ್ಲ. ಮೇಡಂ ಬಿಡಲಿಲ್ಲ, ಹಳೇ ಮೇಲ್ ಹುಡುಕಿಸಿ ಬೋರ್ಡಿಂಗ್ ಪಾಸ್ ತರಿಸಿ, ಐ-94 (ಒಳಗೆ ಬಂದಾಗ ಯಾವತ್ತಿನವರೆಗೆ ಇರಬಹುದು ಅಂತ ಕೊಡೋ ದಾಖಲೆ) ಸೈಟಿನ ಟ್ರಾವೆಲ್ ಹಿಸ್ಟರಿ ಪ್ರಿಂಟ್ ತೆಗೆದು, ಎಲ್ಲಾ ಟೇಬಲ್ ಮಾಡಿ ಹಾಕಿದ್ರು.

ಇನ್ನೊಂದು ವಿಷಯ, ಇದಕ್ಕೇ ನಾನು ಅವರಿಗೆ ಜಾಸ್ತಿ ಋಣಿ. ನಮ್ಮನೆಯವಳ ಐ-94 ತೆಗೆದು ನೋಡಿದ್ರು, ಅದರಲ್ಲಿ 2025 ಆಗಸ್ಟ್ 22 ಅಂತಿತ್ತು, ನನ್ನದು ಸೆಪ್ಟೆಂಬರ್. ಯಾಕೆ ಅಂದ್ರೆ ಅವಳ ಪಾಸ್‌ಪೋರ್ಟ್ ಅವತ್ತೇ ಎಕ್ಸ್‌ಪೈರ್ ಆಗ್ತಿತ್ತು, ಏರ್‌ಪೋರ್ಟ್ ಆಫೀಸರ್ ಅಲ್ಲಿಗೇ ನಿಲ್ಲಿಸಿದ್ದಾರೆ. ಒಂದೂವರೆ ವರ್ಷ ನಾವಿಬ್ರೂ ನೋಡೇ ಇರಲಿಲ್ಲ, ವೀಸಾ ಸ್ಟಾಂಪ್ ಇದೆಯಲ್ಲ ಅಂತ ನಿಶ್ಚಿಂತೆಯಾಗಿದ್ವಿ. ಇಲ್ಲಿರೋಕೆ ಲೆಕ್ಕ ಐ-94ರ ಡೇಟು, ಸ್ಟಾಂಪ್ ಒಳಗೆ ಬರೋಕೆ ಮಾತ್ರ. ಪಾಸ್‌ಪೋರ್ಟ್ ರಿನ್ಯೂವಲ್‌ಗೆ ಅವತ್ತೇ ಅಪ್ಲೈ ಮಾಡ್ಸಿದ್ರು, ಜುಲೈನಲ್ಲಿ ನನ್ನ ಪಿಟಿಷನ್ ಜೊತೆಗೇ ಅವಳ ಎಚ್-4 (ಎಚ್-1ಬಿಯವರ ಹೆಂಡತಿ ಅಥವಾ ಗಂಡ, ಮಕ್ಕಳಿಗೆ ಸಿಗೋ ವೀಸಾ) ಎಕ್ಸ್‌ಟೆನ್ಷನ್ನೂ ಕಳಿಸಿದ್ರು. ನಮ್ಮ ಎಚ್‌ಆರ್ ಒಪ್ಪಿ ಇವರ ಮೂಲಕವೇ ಫೈಲ್ ಮಾಡಿದ್ದು ನಮ್ಮ ಪುಣ್ಯ, ಎಚ್-1ಬಿ ಪಿಟಿಷನ್ ಕಂಪ್ನಿ ಹೆಸರಲ್ಲೇ ಹೋಗಬೇಕು, ಫೀಸೂ ಕಂಪ್ನಿದೇ. ಜಾಸ್ತಿ ಫೀಸ್ ಕಟ್ಟಿ ಬೇಗ ಮಾಡಿಸೋ ಪ್ರೀಮಿಯಂ ಹಾಕಿದ್ರಿಂದ 15 ವರ್ಕಿಂಗ್ ಡೇ ಒಳಗೇ ನನ್ನದು ಬಂತು. ಹೊಸ ಐ-797ನಲ್ಲಿ 07/28/2026 ಅಂತ ನೋಡಿ ಅಡುಗೆಮನೇಲಿ ನಿಂತಿದ್ದ ಇವಳಿಗೆ ಫೋನ್ ಎತ್ತಿ ತೋರಿಸಿದೆ, ಅವಳು ಅಲ್ಲೇ ಕೂತು ಅತ್ತುಬಿಟ್ಳು.

ಆ ಮೇಲ್ ನಂಬಿ ಹೊರಟುಬಿಟ್ಟಿದ್ರೆ? 2025 ಸೆಪ್ಟೆಂಬರ್ 21ರಿಂದ, ಹೊರದೇಶದಲ್ಲಿ ಇರೋರಿಗೆ ಹಾಕೋ ಹೊಸ ಪಿಟಿಷನ್‌ಗೆ 1 ಲಕ್ಷ ಡಾಲರ್ ಅಂತ ರೂಲ್ ಬಂತು. ನಮ್ಮದು ನಲವತ್ತು ಜನರ ಕಂಪ್ನಿ, ಯಾರು ಕಟ್ತಿದ್ರು.

ಅರ್ಧ ಸ್ಟಾರ್ ಕಟ್ ಮಾಡಿದ್ದು ಫೋನಿಗೆ. ಮಧ್ಯಾಹ್ನ ಆದ್ಮೇಲೆ ಯಾರೂ ಎತ್ತಲ್ಲ, ಮೇಲ್‌ಗೆ ಉತ್ತರ ಬರೋಕೆ ಎರಡು ದಿನ, ಆರನೇ ವರ್ಷದಲ್ಲಿ ಇರೋರಿಗೆ ಆ ಎರಡು ದಿನ ತುಂಬಾ ಉದ್ದ. ವೀಕೆಂಡ್ ಹೋದ್ರೆ ಆ ರೋಡಲ್ಲಿ ಪಾರ್ಕಿಂಗ್ ಸಿಗಲ್ಲ, ವಾರದ ದಿನ ಬೆಳಿಗ್ಗೆ ಹತ್ತರ ಸ್ಲಾಟ್ ಕೇಳಿ. ಹಳೇ ಪಾಸ್‌ಪೋರ್ಟು, ಹೊಸದು ಎರಡೂ ತಗೊಂಡು ಹೋಗಿ, ಮನೆಯವರೆಲ್ಲರ ಐ-94 ಪ್ರಿಂಟ್ ಜೊತೆಗಿರಲಿ. ಆಫೀಸಿನ ಹೆಸರು ಬೇಕಾದವರು ಮೆಸೇಜ್ ಮಾಡಿ, ಕಳಿಸ್ತೀನಿ.