ದೋಣಿಯ ತಳಕ್ಕೆ ಕಂಚಿನ ಬಾಲ್ ವಾಲ್ವ್: ಗ್ರೊಕೊ ಬಿವಿ ಬೇಕೆ, ಐಬಿವಿಎಫ್ ಸಾಕೆ?

ನೀರಿನ ಮಟ್ಟದ ಕೆಳಗೆ ದೋಣಿಯ ತಳದಲ್ಲಿ ಕೊರೆದ ತೂತು ಎಂಜಿನ್ ತಂಪಿಗೆ ಉಪ್ಪುನೀರು ಎಳೆಯುವುದಿರಲಿ, ಶೌಚಾಲಯದ್ದಿರಲಿ, ಅದಕ್ಕೊಂದು ವಾಲ್ವ್ ಇರಲೇಬೇಕು. ಹೊರಗಿನಿಂದ ತೂರಿಸುವ ಅಣಬೆ ತಲೆಯ ಕೊಳವೆ ಥ್ರೂಹಲ್. ಒಳಗೆ ಅದರ ಮೇಲೆ ಕೂರುವ ವಾಲ್ವ್ ಸೀಕಾಕ್. ಅಮೆರಿಕದ ಗ್ರೊಕೊ ಕಂಪನಿ ಇದನ್ನು ಎರಡು ರೀತಿಯಲ್ಲಿ ಕೊಡುತ್ತದೆ. ಬಿವಿ ಸರಣಿಯಲ್ಲಿ ತಳಕ್ಕೆ ಬೋಲ್ಟ್ ಹಾಕುವ ತ್ರಿಕೋನ ಪಾದ ಮತ್ತು ವಾಲ್ವ್ ಒಂದೇ ಕಂಚಿನ ಎರಕ. ಐಬಿವಿಎಫ್ ಬರೀ ಪಾದ ಮಾತ್ರ; ಅದರ ಮೇಲೆ ಬೇಕಾದ ಬಾಲ್ ವಾಲ್ವನ್ನು (ಒಳಗಿನ ತೂತುಳ್ಳ ಚೆಂಡು ತಿರುಗಿ ತೆರೆದು ಮುಚ್ಚುವ ವಾಲ್ವ್) ನಾವೇ ತಿರುಗಿಸಿ ಕೂರಿಸಬೇಕು.

ಫೈಬರ್ ಅಥವಾ ಮರದ ದೋಣಿಗೆ, ಮುಕ್ಕಾಲಿಂಚಿನಿಂದ ಒಂದೂವರೆ ಇಂಚಿನವರೆಗಿನ ಅಳತೆಯಲ್ಲಿ, ನಮ್ಮ ಮತ ಐಬಿವಿಎಫ್‌ಗೆ. ವಾಲ್ವ್ ಸವೆದರೆ ಅದೊಂದನ್ನೇ ಬಿಚ್ಚಿ ಬದಲಿಸಬಹುದು. ತಳಕ್ಕೆ ಅಂಟಿದ ಪಾದವನ್ನೂ ಥ್ರೂಹಲ್ಲನ್ನೂ ಮುಟ್ಟಬೇಕಿಲ್ಲ. ಬಿವಿಯಲ್ಲಿ ಹಾಗಲ್ಲ, ಸೀಲ್ ಹೋದರೆ ಅಂಟನ್ನೆಲ್ಲ ಕಿತ್ತು ಮೊದಲಿನಿಂದ ಶುರು ಮಾಡಬೇಕು. ಆದರೆ ನೆಲಹಾಸಿನ ಹಲಗೆಯಡಿ ಎತ್ತರ ಸಾಲದ ಕಡೆ ಬಿವಿಯೇ ಸರಿ. ಅದು ಗಿಡ್ಡ, ಜೋಡಣೆಯೂ ಒಂದು ಕಡಿಮೆ.

ಪಾದಕ್ಕೆ ಇಷ್ಟು ಮಹತ್ವ ಯಾಕೆ? ದೋಣಿಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಎಬಿವೈಸಿಯ ಎಚ್-27 ಪ್ರಕಾರ, ಹೋಸ್ ಸೇರುವ ತುದಿಯಲ್ಲಿ 500 ಪೌಂಡ್, ಅಂದರೆ 227 ಕಿಲೋ ಭಾರವನ್ನು 30 ಸೆಕೆಂಡ್ ಹೇರಿದರೂ ನೀರು ಒಳಗೆ ಬರಬಾರದು. ಥ್ರೂಹಲ್ ಮೇಲೆ ನೇರವಾಗಿ ಮನೆಯ ಬಾಲ್ ವಾಲ್ವ್ ತಿರುಗಿಸಿದ ಜೋಡಣೆ ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ಥ್ರೆಡ್ ಕಡಿದ ಜಾಗದಲ್ಲಿ ಕೊಳವೆಯ ಗೋಡೆ ತೆಳ್ಳಗಿರುತ್ತದೆ, ಸನ್ನೆಯ ಭಾರವೆಲ್ಲ ಅಲ್ಲೇ ಬೀಳುತ್ತದೆ. ಎಂಜಿನ್ ಕೋಣೆಯಲ್ಲಿ ಯಾರೋ ಹೋಸ್ ಮೇಲೆ ಕಾಲಿಟ್ಟರೆ ಸಾಕು.

ಇನ್ನೊಂದು ದೋಷ ಕಣ್ಣಿಗೆ ಬೀಳುವುದಿಲ್ಲ. ಥ್ರೂಹಲ್ಲಿನದು ಎನ್‌ಪಿಎಸ್, ನೇರ ಥ್ರೆಡ್. ಅಮೆರಿಕದ ಸಾಮಾನ್ಯ ಬಾಲ್ ವಾಲ್ವಿನದು ಎನ್‌ಪಿಟಿ, ಒಳಗೆ ಹೋದಂತೆ ಕಿರಿದಾಗುವ ಥ್ರೆಡ್. ಎರಡನ್ನೂ ಸೇರಿಸಿದರೆ ಎರಡು ಮೂರು ಸುತ್ತಿಗೇ ಬಿಗಿಯಾಗಿ ನಿಲ್ಲುತ್ತದೆ. ಕೈಗೆ ಗಟ್ಟಿ ಅನಿಸುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಐಬಿವಿಎಫ್‌ನ ಕೆಳಬಾಯಿ ಎನ್‌ಪಿಎಸ್, ಮೇಲ್ಭಾಗ ಎನ್‌ಪಿಟಿ. ಹಾಗಾಗಿ ಎರಡೂ ಕಡೆ ಥ್ರೆಡ್ ಪೂರ್ತಿ ಕೂರುತ್ತದೆ.

ನಮ್ಮಲ್ಲಿನ ತೊಡಕು ಇಲ್ಲೇ. ಭಾರತದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಲ್ವ್‌ಗಳು ಬಹುಪಾಲು ಬಿಎಸ್‌ಪಿ, ಅಂದರೆ ಬ್ರಿಟಿಷ್ ಮಾನದ ಥ್ರೆಡ್ಡಿನವು. ಎನ್‌ಪಿಟಿ ಥ್ರೆಡ್ಡಿನ ಕೋನ 60 ಡಿಗ್ರಿ, ಬಿಎಸ್‌ಪಿಯದು 55. ಅರ್ಧ ಮತ್ತು ಮುಕ್ಕಾಲಿಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು ಇರುವುದರಿಂದ ಒಂದಕ್ಕೊಂದು ಸಲೀಸಾಗಿ ಹತ್ತಿ ಮೋಸ ಮಾಡುತ್ತವೆ. ಒಂದಿಂಚಿನಲ್ಲಿ ಎನ್‌ಪಿಟಿಗೆ ಹನ್ನೊಂದೂವರೆ, ಬಿಎಸ್‌ಪಿಗೆ 11. ಅಲ್ಲಿ ಬೇಗ ಕಚ್ಚಿಕೊಳ್ಳುತ್ತದೆ. ಟೇಪು ಸುತ್ತಿ ಸರಿಮಾಡುತ್ತೇನೆ ಎನ್ನುವವರನ್ನು ತಳದ ಹತ್ತಿರ ಬಿಡಬೇಡಿ. ಐಬಿವಿಎಫ್ ತರಿಸುವುದಾದರೆ ವಾಲ್ವ್, ಹೋಸ್ ತೊಡಿಸುವ ತುಂಡು ಕೊಳವೆಯಾದ ಹೋಸ್ ಟೇಲ್ ಎಲ್ಲವನ್ನೂ ಎನ್‌ಪಿಟಿಯಲ್ಲೇ ತರಿಸಿ. ಇಲ್ಲವೇ ಥ್ರೂಹಲ್ಲಿನಿಂದ ಟೇಲ್ ತನಕ ಪೂರ್ತಿ ಬಿಎಸ್‌ಪಿ ಸೆಟ್ಟನ್ನೇ ಕೊಳ್ಳಿ, ಅದಕ್ಕೂ ಪಾದವಿರಲಿ.

ವಾಲ್ವಿನ ಮೈಯ ಲೋಹ 85-5-5-5, ಅಂದರೆ 85 ಪಾಲು ತಾಮ್ರ, ತವರ, ಸೀಸ, ಸತು ಐದೈದು ಪಾಲು. ನಮ್ಮ ಅಂಗಡಿಗಳಲ್ಲಿ ಗನ್‌ಮೆಟಲ್ ಎಂದು ಕೇಳಿ. ಸಾಮಾನ್ಯ ಹಿತ್ತಾಳೆಯಲ್ಲಿ ಸತು ಶೇ. 40ರ ಆಸುಪಾಸು, ಉಪ್ಪುನೀರು ಆ ಸತುವನ್ನು ಕರಗಿಸಿದರೆ ಉಳಿಯುವುದು ಗುಲಾಬಿ ಬಣ್ಣದ, ತಟ್ಟಿದರೆ ಪುಡಿಯಾಗುವ ತಾಮ್ರ. ಮ್ಯಾಂಗನೀಸ್ ಬ್ರಾಂಜ್ ಎಂಬ ಹೆಸರು ಕೇಳಿ ಕೊಳ್ಳಬೇಡಿ, ಅದೂ ಹಿತ್ತಾಳೆಯ ಜಾತಿಯೇ. ನಿಕಲ್ ಲೇಪವಿದ್ದರೆ ಮೂಲೆಯಲ್ಲಿ ಅರ ಉಜ್ಜಿ ನೋಡಿ: ಕೆಂಪು ಛಾಯೆ ಕಂಡರೆ ಗನ್‌ಮೆಟಲ್, ನಿಂಬೆಹಳದಿ ಕಂಡರೆ ಹಿತ್ತಾಳೆ. ಮೈ ಕಂಚಾಗಿದ್ದು ಒಳಗಿನ ಚೆಂಡು ಕ್ರೋಮ್ ಹಚ್ಚಿದ ಹಿತ್ತಾಳೆಯಾಗಿರುವ ವಾಲ್ವ್‌ಗಳೂ ಬೇಕಾದಷ್ಟಿವೆ. ಕ್ರೋಮ್ ಸುಲಿದು ಚೆಂಡು ಗುಳಿಬಿದ್ದು, ತಾನು ಕೂರುವ ಪಿಟಿಎಫ್‌ಇ (ಟೆಫ್ಲಾನ್) ಸೀಟನ್ನು ಗೀರಿ ಹಾಕುತ್ತದೆ. ಚೆಂಡು, ಅದನ್ನು ತಿರುಗಿಸುವ ಕಡ್ಡಿ ಎರಡೂ 316 ಸ್ಟೇನ್‌ಲೆಸ್ ಎಂದು ಬರೆದಿರಬೇಕು. ಫುಲ್ ಪೋರ್ಟ್ ಎಂದೂ ಇರಬೇಕು, ಇಲ್ಲದಿದ್ದರೆ ಒಂದಿಂಚಿನ ವಾಲ್ವಿನ ಒಳದಾರಿ ಒಂದಿಂಚಿರುವುದಿಲ್ಲ, ಎಂಜಿನ್ನಿಗೆ ನೀರು ಸಾಲದು. ಹಿಡಿಯನ್ನೂ ನೋಡಿ: ಪ್ಲಾಸ್ಟಿಕ್ ತೊಡಿಸಿದ ಮಾಮೂಲಿ ಉಕ್ಕಿನ ಹಿಡಿ ಒಳಗೊಳಗೇ ತುಕ್ಕು ಹಿಡಿದು, ಬೇಕಾದ ಹೊತ್ತಿಗೆ ಕೈಯಲ್ಲೇ ಮುರಿದು ಬರುತ್ತದೆ.

ಕೂರಿಸುವ ಕೆಲಸಕ್ಕೆ ಕರಾವಳಿಯಲ್ಲಿ ಸಿಗುವ ಸಮಯ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ದಿನಗಳು. ದೋಣಿ ಹೇಗೂ ದಡದಲ್ಲಿರುತ್ತದೆ. ಮಳೆ ಮಾತ್ರ ಕಾಟ ಕೊಡುತ್ತದೆ. ಪಾಲಿಯುರೆಥೇನ್ ಸೀಲಂಟ್ ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ ನಿಜ, ಆದರೆ ಒದ್ದೆ ಮೈಗೆ ಹಿಡಿಯುವುದಿಲ್ಲ. ಟಾರ್ಪಾಲಿನ ಕೆಳಗೆ ತಳ ಪೂರ್ತಿ ಒಣಗಿದ ಮೇಲೆ ಹಚ್ಚಿ.

ತೂತಿನ ಅಳತೆ ಥ್ರೂಹಲ್ಲಿನ ಹೆಸರಿನ ಅಳತೆಯಲ್ಲ. ಥ್ರೆಡ್ಡಿನ ಹೊರವ್ಯಾಸ ಮುಕ್ಕಾಲಿಂಚಿಗೆ 26.7 ಮಿ.ಮೀ., ಒಂದಿಂಚಿಗೆ 33.4, ಒಂದೂವರೆಗೆ 48.3. ತೂತು ಒಂದೆರಡು ಮಿ.ಮೀ. ದೊಡ್ಡದಿರಲಿ. ಒಳಗಿನಿಂದ ಸಣ್ಣ ಬಿಟ್‌ನಲ್ಲಿ ಗುರುತು ತೂತು ಹಾಕಿ, ದುಂಡು ತೂತು ಕೊರೆಯುವ ಹೋಲ್ ಸಾ ಹೊರಗಿನಿಂದ ಹಿಡಿಯಿರಿ, ಫೈಬರ್ ಮೇಲಿನ ನುಣುಪು ಹೊರಪದರ ಜೆಲ್‌ಕೋಟ್ ಸಿಡಿಯುವುದಿಲ್ಲ. ಎರಡು ಫೈಬರ್ ಪದರದ ನಡುವೆ ಫೋಮ್ ಅಥವಾ ಬಾಲ್ಸಾ ಎಂಬ ಹಗುರ ಮರ ಕಂಡರೆ ಪಾದದ ಅಗಲದಷ್ಟು ಅದನ್ನು ಕೆರೆದು ತೆಗೆದು, ದಪ್ಪಗೆ ಕಲಸಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆಯಿರಿ. ಇಷ್ಟು ಮಾಡದಿದ್ದರೆ ಬೋಲ್ಟ್ ಬಿಗಿದಂತೆ ತಳ ಒಳಗೆ ಜಗ್ಗುತ್ತದೆ, ನೀರು ಪದರದೊಳಗೆ ಹರಡುತ್ತದೆ.

ಪಾದ ಸಪಾಟು, ತಳ ಬಾಗಿದ್ದು. ನಡುವೆ 12ರಿಂದ 20 ಮಿ.ಮೀ. ದಪ್ಪದ ಗ್ಲಾಸ್ ಎಪಾಕ್ಸಿ ಹಲಗೆ ಅಥವಾ ಎಪಾಕ್ಸಿ ಕುಡಿಸಿದ ಮರೀನ್ ಪ್ಲೈ ಬೇಕು. ಪಾದದ ಅಂಚಿನಿಂದ ಎಲ್ಲ ಕಡೆ ಒಂದಿಂಚು ಹೊರಗಿರಲಿ, ಅಡಿಮೈ ತಳದ ಬಾಗಿಗೆ ಉಜ್ಜಿ ಕೂರಿಸಿ. ಈಗ ಸೀಲಂಟ್ ಇಲ್ಲದೆ ಒಮ್ಮೆ ಪೂರ್ತಿ ಜೋಡಿಸಿ. ಥ್ರೂಹಲ್ ಉದ್ದವಾಗಿದ್ದರೆ ಪಾದದೊಳಗಿನ ತಡೆಗೆ ಬಡಿದು ನಿಂತುಬಿಡುತ್ತದೆ, ಹೊರಗಿನ ಅಣಬೆ ತಲೆ ತಳಕ್ಕೆ ಒತ್ತುವುದೇ ಇಲ್ಲ. ಗುರುತು ಮಾಡಿ, ತಡೆಗೆ ಮೂರ್ನಾಲ್ಕು ಮಿ.ಮೀ. ಮೊದಲೇ ನಿಲ್ಲುವಂತೆ ಕತ್ತರಿಸಿ. ಸೋರುವ ಹೊಸ ಜೋಡಣೆಗಳಲ್ಲಿ ಈ ತಪ್ಪು ಪದೇ ಪದೇ ಕಾಣುತ್ತದೆ.

ಸೀಲಂಟ್‌ಗೆ ಸಿಕಾಫ್ಲೆಕ್ಸ್ 291 ಅಥವಾ 3ಎಂ 4200. 3ಎಂನದೇ 5200 ಎಷ್ಟು ಗಟ್ಟಿಯೆಂದರೆ ಮುಂದೆ ಕೀಳುವಾಗ ಜೆಲ್‌ಕೋಟ್ ಕೂಡ ಎದ್ದು ಬರಬಹುದು. ಸಿಲಿಕೋನ್ ಬೇಡವೇ ಬೇಡ. ಅಣಬೆ ತಲೆಯಡಿ, ತೂತಿನ ಗೋಡೆಗೆ, ಹಲಗೆಯ ಎರಡೂ ಮೈಗೆ, ನೇರ ಥ್ರೆಡ್ಡಿಗೆ ಸೀಲಂಟ್; ಮೇಲಿನ ಎನ್‌ಪಿಟಿ ಜೋಡಣೆಗಳಿಗೆ ಮಾತ್ರ ಪಿಟಿಎಫ್‌ಇ ಟೇಪ್. ಪಾದವನ್ನು ಸಿಲಿಕಾನ್ ಬ್ರಾಂಜ್ ಬೋಲ್ಟ್‌ನಿಂದ ಬಿಗಿಯಿರಿ. ಕಂಚಿನ ನಡುವೆ ಹಿತ್ತಾಳೆ ಬೋಲ್ಟ್ ಹಾಕಿದರೆ ಮೊದಲು ಸಾಯುವುದು ಅದೇ. ನಂತರ ಒಳಗೊಬ್ಬರು ಪಾದ ಹಿಡಿದಿರಲಿ, ಇನ್ನೊಬ್ಬರು ಹೊರಗಿನಿಂದ ಥ್ರೂಹಲ್ಲಿನ ಒಳಗಣ ಉಬ್ಬುಗಳಿಗೆ ಸ್ಟೆಪ್ ರೆಂಚ್ (ಮೆಟ್ಟಿಲಾಕಾರದ ಪಾನಾ) ಕೊಟ್ಟು ತಿರುಗಿಸಲಿ. ಸುತ್ತಲೂ ಸಮನಾಗಿ ಸೀಲಂಟ್ ಉಕ್ಕಿದಾಗ ನಿಲ್ಲಿಸಿ.

ಹೋಸ್‌ಗೆ ಎರಡು ಕ್ಲಾಂಪ್, ಅದಕ್ಕೆ ಸಾಲುವಷ್ಟು ಉದ್ದದ ಕಂಚಿನ ಟೇಲ್. ಕ್ಲಾಂಪಿನ ಸ್ಕ್ರೂಗೆ ಅಯಸ್ಕಾಂತ ಬಲವಾಗಿ ಅಂಟಿದರೆ ಅದು ತುಕ್ಕು ಹಿಡಿಯುವ ಮಾಲು. ಮರದ ದೋಣಿಯಲ್ಲಿ ಪ್ರತಿ ಸೀಕಾಕಿಗೂ ಬಾಂಡಿಂಗ್ ತಂತಿ ಎಳೆದು ಜಿಂಕ್‌ಗೆ, ಅಂದರೆ ಕಂಚಿನ ಬದಲು ತಾನು ಸವೆಯುವ ಸತುವಿನ ತುಂಡಿಗೆ, ಕಟ್ಟುವ ಅಭ್ಯಾಸ ಅತಿಯಾದರೆ ಕಂಚು ಉಳಿದು, ಸುತ್ತಲಿನ ಮರ ಕ್ಷಾರಕ್ಕೆ ನಾರುನಾರಾಗುತ್ತದೆ. ರಬ್ಬರ್ ಹೋಸ್‌ನಿಂದ ಪ್ರತ್ಯೇಕವಾಗಿರುವ ಒಳ್ಳೆಯ ಕಂಚಿಗೆ ಅದು ಬೇಕಾಗುವುದೇ ಅಪರೂಪ.

ಮಲ್ಪೆ, ಮಂಗಳೂರಿನ ಉಕ್ಕಿನ ಟ್ರಾಲರ್‌ಗಳಿಗೆ ಬಿವಿ, ಐಬಿವಿಎಫ್ ಎರಡೂ ಬೇಡ. ಉಕ್ಕಿಗೆ ಕಂಚು ನೇರ ತಾಗಿದರೆ ಸವೆಯುವುದು ಉಕ್ಕು. ಅಲ್ಲಿ ದಪ್ಪ ಉಕ್ಕಿನ ಕೊಳವೆ ವೆಲ್ಡ್ ಮಾಡಿ, ಅದರ ಫ್ಲಾಂಜ್ ಮೇಲೆ ವಾಲ್ವ್ ಇಡುವುದೇ ಕ್ರಮ. ಅಲ್ಯೂಮಿನಿಯಂ ದೋಣಿಗೆ ಫೋರ್‌ಸ್ಪಾರ್‌ನ ಮಾರೆಲಾನ್‌ನಂಥ ಗ್ಲಾಸ್ ತುಂಬಿದ ನೈಲಾನ್.

ನೀರಿಗಿಳಿಸಿದ ಮೇಲೆ ಒಂದು ದಿನ ಹೋಸ್, ಪಾದ, ಹಲಗೆಯ ಅಂಚುಗಳನ್ನು ಒಣ ಕಾಗದದಿಂದ ಒರೆಸಿ ನೋಡುತ್ತಿರಿ. ಹಿಡಿಯ ಕೆಳಗಿನ ಕಡ್ಡಿಯ ಬುಡದಲ್ಲಿ ಜಿನುಗಿದರೆ ಪ್ಯಾಕಿಂಗ್ ನಟ್ಟನ್ನು ಕಾಲು ಸುತ್ತು ಬಿಗಿದರೆ ಸಾಕು. ತಿಂಗಳಿಗೊಮ್ಮೆಯಾದರೂ ದೋಣಿ ನಡೆಸುವ ತಾಂಡೇಲ ಹಿಡಿಯನ್ನು ಪೂರ್ತಿ ಮುಚ್ಚಿ ತೆರೆಯಲಿ. ಸದಾ ತೆರೆದೇ ಇಟ್ಟ ವಾಲ್ವಿನ ಬಾಯಲ್ಲಿ ಬಾರ್ನಕಲ್, ಪಚ್ಚಿಲೆ ಬೆಳೆದು, ಮುಚ್ಚಲು ಹೋದಾಗ ಚಿಪ್ಪು ಸೀಟಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿದ್ದರೆ ಬಲವಂತ ಮಾಡಬೇಡಿ. ದೋಣಿಯನ್ನು ದಡಕ್ಕೆ ಎಳೆದಾಗ ಹೊರಗಿನಿಂದ ಮರದ ಕಡ್ಡಿಯಲ್ಲಿ ಕೆರೆದು ತೆಗೆದು, ಆಮೇಲೆ ತಿರುಗಿಸಿ. ಪ್ರತಿ ಸೀಕಾಕಿನ ಪಕ್ಕದಲ್ಲೂ ಅದರ ಅಳತೆಗೆ ಕೆತ್ತಿದ ಮೆತುಮರದ ಬೂಚನ್ನು ಹಗ್ಗದಲ್ಲಿ ಕಟ್ಟಿಡಿ, ವಾಲ್ವ್ ಮುರಿದರೆ ತೂತಿಗೆ ಬಡಿಯಲು.